ದಂಡಿನ ಉಗ್ರಾಣ ಬರಿದು ಮಾಡಿದ ಮಾಲ್ಸುನ್

ಮಾಲ್ಸುನ್ ಎಂಬುದು ‘ಹೆಣ್ಣು ಇದೇ ಕೊನೆಯದಾಗಲಿ’ ಎಂದು ಅಪ್ಪ ಬೇಸತ್ತು ಇಟ್ಟ ಹೆಸರು. ಹೆಸರು ಫಲಿಸಲಿಲ್ಲ, ಅವಳ ಬೆನ್ನಿಗೇ ಇನ್ನೊಬ್ಬಳು ಹುಟ್ಟಿದಳು. ಆ ತಂಗಿಯ ಗಂಡ ದುಶಿಕ್ ಇಂಚಿಯೋನ್‌ನ ಬುಪ್ಯೊಂಗ್ ಮಾರುಕಟ್ಟೆಯ ಹಿಂದೆ ಒಂದು ನೆಲಮಾಳಿಗೆ ಬಾಡಿಗೆಗೆ ಹಿಡಿದು, ಸಾಲಾಗಿ ಕಂಪ್ಯೂಟರ್ ಜೋಡಿಸಿ, ಗಂಟೆಗಿಷ್ಟು ಎಂದು ಜನರನ್ನು ಆಟಕ್ಕೆ ಕೂರಿಸುವ ಪೀಸಿ ಬಾಂಗ್ ತೆರೆದ. ಊರಿಗೆ ಊರೇ ಆ ಹುಚ್ಚು ಹಿಡಿಸಿಕೊಂಡಿದ್ದ ಕಾಲ ಅದು. ಗಂಡನನ್ನು ಬಿಟ್ಟು ಒಂಟಿಯಾಗಿದ್ದ ಮಾಲ್ಸುನ್, ತಂಗಿ ಕರೆದಳೆಂದು ಅಲ್ಲಿ ರಾಮ್ಯನ್ ಶಾವಿಗೆ ಬೇಯಿಸುವುದಕ್ಕೂ ಕಸ ಬಳಿಯುವುದಕ್ಕೂ ಸೇರಿಕೊಂಡಳು. ಅಕ್ಕ ಗಂಡನನ್ನು ಬಿಟ್ಟದ್ದು ಅವನ ಕಾಲ್ಚೀಲದ ನಾತಕ್ಕೆ ಎಂದು ತಂಗಿ ತಮಾಷೆ ಮಾಡುತ್ತಿದ್ದಳು. ನಿಜವಾದ ಕಾರಣ ಬೇರೆ ಇತ್ತು. ಆದರೆ ಕಾಲ್ಚೀಲದ ಮಾತೂ ಪೂರ್ತಿ ಸುಳ್ಳಲ್ಲ.

ಹೇಸಿಗೆ ಅವಳಿಗೆ ಬೇಗ ಆಗುತ್ತಿತ್ತು. ಬೇರೆಯವರ ಮನೆಯ ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು, ಒಳಗೆ ಬೂಷ್ಟು ಹಿಡಿದು ಕೂತದ್ದನ್ನೆಲ್ಲ ಯಾರನ್ನೂ ಕೇಳದೆ ಎಸೆದುಬಿಡುವಳು. ಅಂಥವಳಿಗೆ ಸಿಕ್ಕಿದ್ದು ಆ ನೆಲಮಾಳಿಗೆ. ಕಿಟಕಿಯಿಲ್ಲ. ಆಗಿನ್ನೂ ಒಳಗೆ ಸಿಗರೇಟು ಸೇದಬಹುದಿತ್ತು, ಸೇದದವರು ಯಾರೂ ಇರಲಿಲ್ಲ. ಕೀಲಿಮಣೆಯ ಸಂದಿನಲ್ಲಿ ಬೂದಿ, ಕುರ್ಚಿಯ ತೋಳಿಗೆ ಜಿಡ್ಡು. ಕುಡಿದು ಬಿಟ್ಟ ಕಾಫಿ ಲೋಟಕ್ಕೆ ಉಗುಳು. ತಿಂದು ಉಳಿಸಿದ ರಾಮ್ಯನ್ ಸಾರಿನಲ್ಲಿ ಸಿಗರೇಟಿನ ತುಂಡು ಊದಿಕೊಂಡು ತೇಲುತ್ತಿತ್ತು. ಆ ಬಟ್ಟಲುಗಳನ್ನು ಎತ್ತುವಾಗ ಮಾಲ್ಸುನ್ ಉಸಿರು ಬಿಗಿಹಿಡಿದು ಬಚ್ಚಲತನಕ ಓಡುತ್ತಿದ್ದಳು. ಅವಳು ಓಡುವುದನ್ನು ನೋಡಿ ಹುಡುಗರು ನಗುತ್ತಿದ್ದರು.

ಅಲ್ಲಿಗೆ ಬರುವವರೆಲ್ಲ ಹೆಚ್ಚು ಕಡಿಮೆ ಒಂದೇ ಆಟ ಆಡುತ್ತಿದ್ದರು. ಅದರಲ್ಲಿ ಕೋಟೆಗಳಿದ್ದವು, ಕೋಟೆಗಳಿಗಾಗಿ ಹೊಡೆದಾಡುವ ದಂಡುಗಳಿದ್ದವು, ಆಡುವ ಒಬ್ಬೊಬ್ಬನಿಗೂ ಒಬ್ಬೊಬ್ಬ ವೀರ. ವೀರನ ಹೆಗಲಿಗೆ ಒಂದು ಚೀಲ. ಕೊಂದ ರಾಕ್ಷಸರ ಮೈಮೇಲಿಂದ ಸಿಕ್ಕಿದ್ದೆಲ್ಲ ಆ ಚೀಲಕ್ಕೆ.

ಒಂದು ಮಧ್ಯಾಹ್ನ ಟ್ಯಾಕ್ಸಿ ಓಡಿಸುವ ಗುಕ್ ಸಾಂಗ್‌ಮಾನ್ ಪಾಳಿ ಮುಗಿಸಿ ಬಂದು, ಆಡುತ್ತ ಆಡುತ್ತಲೇ ಕುರ್ಚಿಯಲ್ಲಿ ನಿದ್ದೆಹೋಗಿದ್ದ. ಐವತ್ತು ದಾಟಿದ, ಬಾಯಿ ಸತ್ತ ಗಂಡಸು. ಪರದೆಯ ಮೇಲೆ ಅವನ ವೀರನ ಚೀಲ ತೆರೆದುಕೊಂಡಿತ್ತು. ಮೇಜು ಒರೆಸಲು ಬಗ್ಗಿದ ಮಾಲ್ಸುನ್ ಅದನ್ನು ನೋಡಿದಳು. ತೋಳದ ಹಸಿ ಚರ್ಮದ ಮೇಲೆ ರೊಟ್ಟಿ. ರೊಟ್ಟಿಗೆ ತಾಗಿ ವಿಷದ ಸೀಸೆ. ಪಕ್ಕದಲ್ಲೇ, ನೋಡಲು ಹಾಗೆಯೇ ಕಾಣುವ ಮದ್ದಿನ ಸೀಸೆ. ಅದರ ಕೆಳಗೆ ಯಾವುದೋ ಜಂತುವಿನ ಕಿತ್ತ ಹಲ್ಲುಗಳ ರಾಶಿ. ಅವಳ ಬಾಯಲ್ಲಿ ನೀರು ಬಂತು, ಉಗುಳುವಂಥ ನೀರು. ಹುಡುಗರು ಮೌಸ್ ಹಿಡಿದು ಸಾಮಾನು ಎಳೆದಾಡುವುದನ್ನು ದಿನವೂ ನೋಡುತ್ತಿದ್ದಳು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ತಾನೂ ಎಳೆಯತೊಡಗಿದಳು. ರೊಟ್ಟಿ ಒಂದು ಕಡೆ, ಚರ್ಮ ಒಂದು ಕಡೆ. ಮದ್ದು ಮೇಲಿನ ಸಾಲಿಗೆ, ವಿಷ ಕಟ್ಟಕಡೆಗೆ.

ಸಾಂಗ್‌ಮಾನ್‌ಗೆ ಎಚ್ಚರವಾಯಿತು. “ಏನ್ ಮಾಡ್ತಿದೀರಾ ಚಿಕ್ಕಮ್ಮ?”

ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವನಾದರೂ ಎಲ್ಲರ ಹಾಗೆ ಅವನೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದ.

“ರೊಟ್ಟಿ ಪಕ್ಕ ವಿಷ ಇಟ್ಕೊಂಡಿದೀರಲ್ರೀ! ಮನೇಲೂ ಹಿಂಗೇನಾ?”

“ಇದು ಆಟ ಅಲ್ವಾ ಚಿಕ್ಕಮ್ಮ.”

“ಆಟ ನಿಮ್ದು. ನೋಡೋ ಕಣ್ಣು ನಂದಲ್ವಾ?”

ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಅವನು ಕಣ್ಣುಜ್ಜಿಕೊಂಡು ಚೀಲವನ್ನೊಮ್ಮೆ ನೋಡಿದ. “ಚೆನ್ನಾಗಿ ಕಾಣ್ಸುತ್ತೆ” ಎಂದ, ಅಷ್ಟೆ. ಮುಂದಿನ ಕಾಳಗದಲ್ಲಿ ಅವನ ವೀರ ಸಾಯುವುದರಲ್ಲಿದ್ದಾಗ ಕೈ ನೇರವಾಗಿ ಮದ್ದಿನ ಮೇಲೆಯೇ ಬಿತ್ತು, ಬದುಕಿಕೊಂಡ. ಅದನ್ನು ಅವನು ದಂಡಿನ ನಾಯಕನಿಗೆ ಹೇಳಿದ.

ನಾಯಕ ತಾಕ್ ಯೊಂಗ್‌ಬೆ. ಹೊರಗೆ ಹಳೆಯ ಟೈರು ಮಾರುವವನು, ಆಟದೊಳಗೆ ಮಹಾರಾಜ. ಅವನು ಮೆಟ್ಟಿಲಿಳಿದು ಬಂದರೆ ಒಳ್ಳೆಯ ಕುರ್ಚಿಯಲ್ಲಿ ಕೂತವರು ಎದ್ದು ಜಾಗ ಕೊಡುತ್ತಿದ್ದರು. ಕೂತವನೇ ಮೊದಲು ಮಾಡುವ ಕೆಲಸ, ಉಗುರು ಕತ್ತರಿಸುವುದು. ಎಣ್ಣೆಮಸಿ ಹಿಡಿದ ಉಗುರಿನ ಚೂರುಗಳು ಕೀಲಿಮಣೆಯ ಮೇಲೆ ಚಿಮ್ಮಿ ಬೀಳುತ್ತಿದ್ದವು. ಮಾಲ್ಸುನ್ ಅವನ್ನು ಇಕ್ಕಳದಲ್ಲಿ ಹೆಕ್ಕಿ ತೆಗೆಯುತ್ತಿದ್ದಳು.

“ಚಿಕ್ಕಮ್ಮ, ನಮ್ಮ ದಂಡಿನ ಉಗ್ರಾಣ ಸ್ವಲ್ಪ ನೋಡಿ. ಒಂದು ಬಾಣ ಹುಡ್ಕೋಕೆ ಹೋದ್ರೆ ಕೋಟೆ ಕೈ ತಪ್ಪಿರುತ್ತೆ.”

“ನಂಗೆ ಕತ್ತಿ ಬೀಸೋಕೆ ಬರಲ್ಲ.”

“ಕತ್ತಿ ಯಾರು ಬೀಸು ಅಂದ್ರು? ನೀವು ಅಡುಗೆಮನೆ ನೋಡ್ಕೊಳ್ಳಿ, ಯುದ್ಧ ನಾವ್ ನೋಡ್ಕೋತೀವಿ.”

ಹೀಗೆ ಅವಳಿಗೂ ಒಂದು ಹೆಂಗಸಿನ ಬೊಂಬೆ ಸಿಕ್ಕಿತು. ಹುಡುಗರು ಅದಕ್ಕೆ ‘ಭರಣಿ’ ಎಂದು ಹೆಸರಿಟ್ಟರು. ಭರಣಿ ಎಂದೂ ಕಾಡಿಗೆ ಹೋಗಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಆಟದೂರಿನ ಚೌಕದಲ್ಲಿ, ಉಗ್ರಾಣದ ಬಾಗಿಲಲ್ಲಿ ನಿಂತೇ ಇರುತ್ತಿದ್ದಳು.

ಆ ಉಗ್ರಾಣವನ್ನು ಮೊದಲ ಸಲ ತೆರೆದ ದಿನ ಮಾಲ್ಸುನ್‌ಗೆ ಊಟ ಸೇರಲಿಲ್ಲ. ಗೆದ್ದು ತಂದದ್ದನ್ನೆಲ್ಲ ಗಂಡಸರು ತಿಪ್ಪೆಗೆ ಸುರಿದ ಹಾಗೆ ಸುರಿದಿದ್ದರು. ಮುರಿದ ಗುರಾಣಿ, ಒಂಟಿ ಕೈಗವಸು, ಯಾವ ಬಾಗಿಲಿನದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈಗಳು, ಜೇಡದ ಕಾಲುಗಳು. ಜೇಡದ ಕಾಲು ಯಾಕೆ ಎಂದು ಕೇಳಿದರೆ “ಮುಂದೆ ಬೇಕಾಗ್ಬಹುದು ಚಿಕ್ಕಮ್ಮ” ಎಂದರು. ಅವಳು ದಿನಗಟ್ಟಲೆ ಕೂತು ಬೇರ್ಪಡಿಸಿದಳು. ಗಾಯ ಮಾಯಿಸುವುದು, ಮೈಗೆ ತೊಡುವುದು, ಹೊಡೆಯುವುದು, ಹೆಸರೇ ತಿಳಿಯದ್ದು ಎಂದು ಸಾಲು ಮಾಡಿದಳು. ಜೇಡದ ಕಾಲುಗಳನ್ನು ನಾಯಕನ ಎದುರಿಗೇ ಎಸೆದಳು.

ಬೇರ್ಪಡಿಸುತ್ತ ಬೇರ್ಪಡಿಸುತ್ತ ಅವಳಿಗೆ ಆ ಗಂಡಸರ ಹೊಟ್ಟೆಯೊಳಗಿನದೆಲ್ಲ ಕಾಣತೊಡಗಿತು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಚಿಲ್ಬೊಕ್ ಒಳ್ಳೆಯದನ್ನೆಲ್ಲ ತನ್ನ ಚೀಲಕ್ಕಿಳಿಸಿ, ಮೊಂಡು ಬಾಣಗಳನ್ನು ಮಾತ್ರ ಉಗ್ರಾಣಕ್ಕೆ ಹಾಕಿ, “ದಂಡಿಗಾಗಿ” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ನಾಯಕ ಹೊಸ ಕವಚ ಒಯ್ದು ಹಳೆಯದನ್ನು ಅದರ ಜಾಗದಲ್ಲಿ ತುರುಕುತ್ತಿದ್ದ. ನೋಡದವರಿಗೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಇಬ್ಬರು ಗೆಳೆಯರು ಒಬ್ಬರ ಸಾಮಾನನ್ನು ಒಬ್ಬರು ಕದ್ದು, ಇಬ್ಬರೂ ಅವಳ ಹತ್ತಿರ ಬಂದು ಪಿಸುಗುಟ್ಟುತ್ತಿದ್ದರು. ಅವಳು ಬೆರಳುಗಳನ್ನು ಸಾಬೂನು ಹಾಕಿದ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು. ಪರದೆಯ ಮೇಲಿನ ಸಾಮಾನು ಮುಟ್ಟಿದರೂ ಕೈ ಜಿಡ್ಡಾದಂತೆ ಅನಿಸುತ್ತಿತ್ತು.

ಸಾಂಗ್‌ಮಾನ್ ಒಬ್ಬ ಮಾತ್ರ ಸಿಕ್ಕಿದ್ದನ್ನು ಸಿಕ್ಕ ಹಾಗೆ ತಂದಿಡುತ್ತಿದ್ದ. ಕಾಳಗದಲ್ಲಿ ಅವನ ವೀರನದು ಎಲ್ಲರ ಮುಂದೆ ನಿಂತು ಏಟು ತಿನ್ನುವ ಕೆಲಸ. ದಂಡಿಗೆ ಒಮ್ಮೆ ಅಪರೂಪದ ನೀಲಿ ಕತ್ತಿಯೊಂದು ಸಿಕ್ಕಿತು. ಆ ಇಡೀ ರಾಜ್ಯದಲ್ಲಿ ಅಂಥದ್ದು ಕೆಲವೇ ಜನರ ಹತ್ತಿರ ಇತ್ತು. ಏಟು ತಿನ್ನುವವನಿಗೇ ಅದು ಸಲ್ಲಬೇಕೆಂದು ಎಲ್ಲರೂ ಕೂಗಿದ್ದರಿಂದ ನಾಯಕ ಒಲ್ಲದ ಮನಸ್ಸಿನಿಂದ ಅವನಿಗೆ ಕೊಟ್ಟ. ಅಂದಿನಿಂದ ಸಾಂಗ್‌ಮಾನ್ ಬಾಂಗಿಗೆ ಬಂದರೆ ಮೊದಲು ಚೌಕಕ್ಕೆ ಹೋಗಿ, ಭರಣಿಯ ಎದುರು ಆ ಕತ್ತಿಯನ್ನೊಮ್ಮೆ ಮೇಲೆತ್ತಿ ತೋರಿಸಿ ಹೊರಡುತ್ತಿದ್ದ. ಅದನ್ನು ನೋಡಿ ಮಾಲ್ಸುನ್‌ಗೆ ನಗು ಬರುತ್ತಿತ್ತು.

ಚಳಿಗಾಲ ಇನ್ನೂ ಶುರುವಾಗಿರಲಿಲ್ಲ, ಸಾಂಗ್‌ಮಾನ್ ಹೋಗಿಬಿಟ್ಟ. ರೈಲು ನಿಲ್ದಾಣದ ಮುಂದೆ ಸವಾರಿಗಾಗಿ ಕಾಯುತ್ತ, ಟ್ಯಾಕ್ಸಿಯ ಸ್ಟೀರಿಂಗ್ ಮೇಲೆ ಒರಗಿದವನು ಏಳಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡೆದೂ ಹೊಡೆದೂ ಆಮೇಲೆ ಇಳಿದು ಬಂದು ನೋಡಿದರಂತೆ.

ಆಸ್ಪತ್ರೆಯ ಕೆಳಮಹಡಿಯಲ್ಲಿ ಹೆಣಕ್ಕೆ ನಮಸ್ಕರಿಸಲು ಕೋಣೆ ಮಾಡಿದ್ದರು. ನಾಯಕ ಮಾಲ್ಸುನ್‌ಳನ್ನೂ ಕರೆದುಕೊಂಡು ಹೊರಟ. “ಹೆಂಗಸು ಒಬ್ರು ಜೊತೇಲಿದ್ರೆ ಮರ್ಯಾದೆ” ಎಂದ. ದಂಡಿನ ಹೆಸರು ಬರೆದ ದೊಡ್ಡ ಹೂವಿನ ಚಕ್ರ ಅವರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿತ್ತು. ಎಲ್ಲರೂ ಬೂಟು ಬಿಟ್ಟು, ಚಿತ್ರಪಟದ ಮುಂದೆ ಊದುಬತ್ತಿ ಹಚ್ಚಿ ಬಗ್ಗಿ ನಮಸ್ಕರಿಸಿದರು. ಕಪ್ಪು ಬಟ್ಟೆ ಉಟ್ಟು, ಕೂದಲಿಗೆ ಬಿಳಿಯ ಪಟ್ಟಿ ಸಿಕ್ಕಿಸಿಕೊಂಡಿದ್ದ ಹೆಂಡತಿ ಒಕ್ನಾಮ್ ಪ್ರತಿಯಾಗಿ ಬಗ್ಗಿದಳು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಸಣ್ಣ ಮೈಯ ಹೆಂಗಸು. ಅತ್ತೂ ಅತ್ತೂ ಮುಖ ಊದಿತ್ತು.

ಆಮೇಲೆ ಊಟಕ್ಕೆ ಕೂತರು. ಕೆಂಪಗಿನ ದನದ ಮಾಂಸದ ಸಾರು, ಅನ್ನ, ಕುಡಿಯಲು ಸೋಜು. ಮೊದಲ ಲೋಟ ಇಳಿಯುವವರೆಗೆ ಸಾಂಗ್‌ಮಾನ್ ಒಳ್ಳೆಯವನಾಗಿದ್ದ. ಎರಡನೆಯದಕ್ಕೆ ಮಾತು ಕತ್ತಿಯ ಕಡೆ ತಿರುಗಿತು.

“ಆ ಕತ್ತಿ ದಂಡಿಂದು ಅಲ್ವಾ ನಾಯಕರೇ?” ಎಂದ ಒಬ್ಬ, ಸಾರು ಹೀರುತ್ತ.

“ಅವ್ನಿಗೆ ಕೊಟ್ಟಿದ್ದು ಉಪಯೋಗಕ್ಕೆ ಅಷ್ಟೆ” ಎಂದ ನಾಯಕ.

“ಹಂಗಾದ್ರೆ ಮುಂದಕ್ಕೆ ಯಾರಿಗೆ? ಮುಂದೆ ನಿಲ್ಲೋನು ನಾನು.”

“ನೀನಾ? ಹೋದ್ಸಲ ಓಡಿಹೋದೋನು ಯಾರಪ್ಪ?”

ಓಡಿಹೋದವನು ಲೋಟ ಕುಕ್ಕಿದ. ಚಿತ್ರಪಟದ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿದಳು. ಮಾಲ್ಸುನ್ ಎದುರಿಗಿದ್ದ ಬಟ್ಟಲಿನಲ್ಲಿ ಸಾರಿನ ಮೇಲೆ ಕೊಬ್ಬು ಕಟ್ಟತೊಡಗಿತ್ತು. ಅವಳು ಅದನ್ನು ದೂರ ಸರಿಸಿದಳು. “ಹೆಣ ಇನ್ನೂ ಎತ್ತಿಲ್ಲ. ಸ್ವಲ್ಪ ನಾಚಿಕೆ ಇರ್ಲಿ ಕಣ್ರೋ” ಎಂದಳು, ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಕೇಳಿಸಿಕೊಳ್ಳಲಿಲ್ಲ.

ನಾಯಕ ಬಾಯಿ ಒರೆಸಿಕೊಂಡು ಎದ್ದ. ಒಕ್ನಾಮ್ ಎದುರು ಮಂಡಿಯೂರಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ: “ಅತ್ತಿಗೆ, ಅಣ್ಣ ನಮ್ಗೆಲ್ಲ ಗುರಾಣಿ ಆಗಿದ್ರು. ಆಟದೊಳ್ಗೂ ಅವ್ರಿಗೊಂದು ಸ್ಮರಣೆ ಮಾಡ್ಬೇಕು ಅಂತಿದೀವಿ. ಅವ್ರ ವೀರನ್ನ ಚೌಕದಲ್ಲಿ ನಿಲ್ಸಿ, ಇಡೀ ದಂಡು ಸುತ್ತ ನಿಂತು ತಲೆ ಬಗ್ಗಿಸ್ತೀವಿ. ಅದಕ್ಕೆ ಅವ್ರ ಪಾಸ್‌ವರ್ಡ್ ಬೇಕಾಗಿತ್ತು.”

ಒಕ್ನಾಮ್‌ಗೆ ಮತ್ತೆ ಅಳು ಬಂತು. “ಅಷ್ಟು ಮಾಡ್ತೀರಾ? ಅಲ್ಲಿ ಅವ್ರಿಗೆ ಅಷ್ಟು ಜನ ಇದ್ರಾ?” ಎಂದು, ಮದುವೆಗೆ ಮೊದಲು ಗಂಡ ತನ್ನನ್ನು ಕರೆಯುತ್ತಿದ್ದ ಅಡ್ಡಹೆಸರನ್ನು ಹೇಳಿಕೊಟ್ಟಳು. ಅದೇ ಪಾಸ್‌ವರ್ಡ್.

ಮಾಲ್ಸುನ್ ಪಕ್ಕದಲ್ಲೇ ಇದ್ದಳು. ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದರೆ ಸತ್ತವನ ಮನೆಯಲ್ಲಿ ಜಗಳವಾಗುತ್ತದೆ ಎಂದು ಸುಮ್ಮನಿದ್ದಳು. ನಾಯಕ ಫೋನು ಹಿಡಿದು ಕಾರಿಡಾರಿಗೆ ಹೋದ. ಬೂಟು ಹುಡುಕುವ ನೆಪದಲ್ಲಿ ಅವಳೂ ಹೊರಗೆ ಹೋದಳು. “ಚಿಲ್ಬೊಕ್, ಬರ್ಕೋ. ಈಗ್ಲೇ ಮಾಡು, ಆಮೇಲೆ ಅವ್ರ ಮನೆಯೋರು ಬುದ್ಧಿ ಉಪಯೋಗಿಸ್ಬಿಟ್ರೆ ಕಷ್ಟ” ಎನ್ನುತ್ತಿದ್ದ ಅವನು. ಹೂವಿನ ಚಕ್ರಕ್ಕೆ ಒರಗಿ ನಿಂತಿದ್ದ.

ಮಾರನೆಯ ಬೆಳಿಗ್ಗೆ ಮಾಲ್ಸುನ್ ಉಗ್ರಾಣ ತೆರೆದಾಗ ಅವಳ ಸಾಲುಗಳ ಮೇಲೆ ಸಾಂಗ್‌ಮಾನ್‌ನ ಸಾಮಾನೆಲ್ಲ ಸುರಿದು ಬಿದ್ದಿತ್ತು. ಕತ್ತಿ, ಕವಚ, ಶಿರಸ್ತ್ರಾಣ, ಚರ್ಮದ ಬೂಟು, ಅವಳೇ ಮೊದಲ ದಿನ ಮೇಲಿನ ಸಾಲಿಗಿಟ್ಟಂಥ ಮದ್ದಿನ ಸೀಸೆಗಳು. ಕತ್ತಿ ಯಾರಿಗೆಂದು ಇನ್ನೂ ತೀರ್ಮಾನವಾಗಿರಲಿಲ್ಲವಂತೆ. ಆಗುವವರೆಗೆ ಉಗ್ರಾಣದಲ್ಲಿರಲಿ ಎಂದಿದ್ದ ನಾಯಕ. ಮಾಲ್ಸುನ್ ಬಹಳ ಹೊತ್ತು ನೋಡಿದಳು. ಆಮೇಲೆ, ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಕೆಲಸಕ್ಕಿಳಿಯಿತು. ಹೊಡೆಯುವುದು ಹೊಡೆಯುವುದರ ಸಾಲಿಗೆ, ತೊಡುವುದು ತೊಡುವುದರ ಸಾಲಿಗೆ. ಎಲ್ಲ ಮುಗಿದು ಅಚ್ಚುಕಟ್ಟಾಗಿ ಕಂಡಾಗ ಅವಳಿಗೆ ತನ್ನ ಮೇಲೆಯೇ ವಾಕರಿಕೆ ಬಂತು. ಹೆಣದ ಮೈಮೇಲಿಂದ ಕಿತ್ತ ಬಟ್ಟೆಯನ್ನು ಮಡಿಸಿಟ್ಟ ಹಾಗಾಯಿತಲ್ಲ ಎಂದುಕೊಂಡಳು. ಆ ಮಧ್ಯಾಹ್ನ ಯಾರೋ ಕೇಳಿದ ರಾಮ್ಯನ್‌ಗೆ ಉಪ್ಪಿನ ಪುಡಿ ಎರಡೆರಡು ಸಲ ಹಾಕಿ ಬೈಸಿಕೊಂಡಳು.

ಮಣ್ಣು ಮುಗಿದು ಕೆಲವು ದಿನ ಕಳೆದಿತ್ತು. ಒಂದು ಅಪರಾಹ್ನ ಒಕ್ನಾಮ್ ಬಾಂಗಿನ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಬಟ್ಟೆ ಕಟ್ಟಿದ ದೊಡ್ಡ ಡಬ್ಬಿ. ಹೊಗೆಗೆ ಕೆಮ್ಮುತ್ತ ನಿಂತು, ಮಾಲ್ಸುನ್‌ಳನ್ನು ಗುರುತಿಸಿದಳು.

“ಅಕ್ಕಾ, ಆ ಸ್ಮರಣೆ ಯಾವತ್ತು ಅಂತ ಯಾರೂ ತಿಳಿಸ್ಲೇ ಇಲ್ಲ. ನಾನೂ ನೋಡ್ಬೇಕು ಅಂತ ಆಸೆ. ಬಂದೋರ್ಗೆ ಹಂಚೋಣ ಅಂತ ಅಕ್ಕಿ ಕಡುಬು ಮಾಡ್ಕೊಂಡ್ ಬಂದೆ.”

ಡಬ್ಬಿ ಇನ್ನೂ ಬಿಸಿಯಾಗಿತ್ತು. ಸುತ್ತ ಕೂತ ದಂಡಿನ ಹುಡುಗರು ಕೇಳಿಸದವರ ಹಾಗೆ ಪರದೆ ನೋಡುತ್ತಿದ್ದರು. ಚಿಲ್ಬೊಕ್ ಎದ್ದು ಬಂದು, “ಅತ್ತಿಗೆ, ಕೊಡಿ ಕೊಡಿ, ನಾವೇ ಹಂಚ್ತೀವಿ” ಎಂದು ಡಬ್ಬಿ ತೆಗೆದುಕೊಂಡು ಹೋದ.

“ಸ್ಮರಣೆ ಆಗೋದು ಆಗ್ಲಿ. ಅವ್ರನ್ನ ಒಂದ್ಸಲ ನೋಡ್ಬೋದಾ?” ಎಂದಳು ಒಕ್ನಾಮ್. “ನಾಲ್ಕು ವರ್ಷ ರಜಾ ಇದ್ದಾಗೆಲ್ಲ ಇಲ್ಲಿಗೇ ಬರೋರು. ಒಂದಿನಾನೂ ಏನು ಎತ್ತ ಅಂತ ನಾನು ಕೇಳ್ಲಿಲ್ಲ.”

ಬೇಡ ಎನ್ನಬಹುದಿತ್ತು. ಮಾಲ್ಸುನ್ ಅವಳನ್ನು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿದಳು. ಒಕ್ನಾಮ್ ಒಂದೊಂದೇ ಅಕ್ಷರ ಹುಡುಕಿ ತನ್ನ ಅಡ್ಡಹೆಸರು ಒತ್ತಿದಳು. ಪಾಸ್‌ವರ್ಡ್ ಬದಲಾಗಿರಲಿಲ್ಲ. ಚರ್ಮ ಸುಲಿದ ಮೇಲೆ ಎಲುಬಿಗೆ ಬೀಗ ಹಾಕುವ ಗೋಜಿಗೆ ಯಾರು ಹೋಗುತ್ತಾರೆ?

ಚೌಕ ಕಾಣಿಸಿತು. ನಟ್ಟ ನಡುವೆ ಸಾಂಗ್‌ಮಾನ್‌ನ ವೀರ ನಿಂತಿದ್ದ. ಮೈಮೇಲೆ ಒಂದು ಚಡ್ಡಿ ಬಿಟ್ಟರೆ ಬಟ್ಟೆಯಿಲ್ಲ. ಬರಿ ಕಾಲು, ಬರಿ ತಲೆ, ಖಾಲಿ ಕೈ. ಬಂದು ಹೋಗುವ ವೀರರು ಅವನನ್ನು ಹಾಯ್ದು ಹೋಗುತ್ತಿದ್ದರು. ಯಾರೋ ಒಬ್ಬ ನಿಂತು ‘ಅಜ್ಜಾ, ಸ್ನಾನಕ್ಕೆ ಬಂದ್ಯಾ?’ ಎಂದು ಬರೆದು ಹೋದ.

ಒಕ್ನಾಮ್ ಬಗ್ಗಿ ನೋಡಿದಳು. “ಇವ್ರೇನಾ?”

“ಹ್ಞೂಂ.”

“ಬಟ್ಟೆ ಯಾಕಿಲ್ಲ ಅಕ್ಕಾ? ಇದ್ರಲ್ಲಿ ಹಿಂಗೇನಾ ಇರೋದು ಎಲ್ರೂ?” ಸುತ್ತ ಓಡಾಡುವವರ ಕವಚಗಳನ್ನು ನೋಡಿ ಅವಳೇ ಉತ್ತರ ತಿಳಿದುಕೊಂಡಳು. “ಯಾರು ಬಿಚ್ಚಿದ್ದು?”

ಮಾಲ್ಸುನ್ ಸುತ್ತಿ ಬಳಸಲಿಲ್ಲ. “ನೀವು ಹೇಳಿಕೊಟ್ರಲ್ಲ ಆ ಹೆಸ್ರು, ಅದನ್ನ ಹಿಡ್ಕೊಂಡು ಅವತ್ತೇ ಬಿಚ್ಚಿದ್ರು. ನೀವು ಬಡ್ಸಿದ ಸಾರು ಕುಡಿಯೋ ಹೊತ್ನಲ್ಲಿ. ಬಿಚ್ಚಿದ್ದನ್ನ ಉಗ್ರಾಣದಲ್ಲಿ ಜೋಡ್ಸಿ ಇಟ್ಟೋಳು ನಾನು.”

ಒಕ್ನಾಮ್ ಮತ್ತೆ ಪರದೆಯ ಕಡೆ ತಿರುಗಿದಳು. ಆಮೇಲೆ ಹೇಳಿದ್ದು ಒಂದೇ ಮಾತು: “ಬಟ್ಟೆ ಹಾಕಿ ಅಕ್ಕಾ ಅವ್ರಿಗೆ.”

ಮಾಲ್ಸುನ್ ಪಕ್ಕದ ಕಂಪ್ಯೂಟರಿನಲ್ಲಿ ಭರಣಿಯನ್ನು ಎಬ್ಬಿಸಿ ಉಗ್ರಾಣ ತೆರೆದಳು. ಎಲ್ಲೆಲ್ಲಿ ಏನಿದೆಯೆಂದು ಕಣ್ಣುಮುಚ್ಚಿ ಹೇಳಬಲ್ಲಳು. ಬೂಟು ತೆಗೆದಳು, ಕವಚ ತೆಗೆದಳು, ಶಿರಸ್ತ್ರಾಣ ತೆಗೆದಳು. ಒಂದೊಂದನ್ನೇ ಸಾಂಗ್‌ಮಾನ್‌ನ ಚೀಲಕ್ಕೆ ದಾಟಿಸಿ, ಒಂದೊಂದನ್ನೇ ತೊಡಿಸಿದಳು. ಹೆಣಕ್ಕೆ ಬಟ್ಟೆ ತೊಡಿಸುವಾಗ ಕಾಲಿನಿಂದ ಶುರು ಮಾಡಬೇಕೋ ತಲೆಯಿಂದಲೋ ಎಂದು ಅವಳಿಗೆ ಗೊತ್ತಿರಲಿಲ್ಲ, ಕಾಲಿನಿಂದ ಮಾಡಿದಳು. ಕಡೆಗೆ ನೀಲಿ ಕತ್ತಿ. ಒಕ್ನಾಮ್ ಪರದೆಯ ಮೇಲೆ ಬೆರಳಿಟ್ಟು, “ಇಷ್ಟು ದೊಡ್ಡದನ್ನ ಎತ್ತೋರಾ? ಮನೇಲಿ ಅಕ್ಕಿ ಮೂಟೆ ಎತ್ತು ಅಂದ್ರೆ ಸೊಂಟ ನೋವು ಅನ್ನೋರು” ಎಂದು ಮೂಗು ಒರೆಸಿಕೊಂಡಳು. ಮಾಲ್ಸುನ್ ಹೇಳಿಕೊಟ್ಟಂತೆ ಹೊಸ ಪಾಸ್‌ವರ್ಡ್ ಹಾಕಿದಳು. ಹಾಕುವಾಗ ಮಾಲ್ಸುನ್ ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಚಿಲ್ಬೊಕ್ ಚೌಕದಲ್ಲಿ ಕತ್ತಿ ಹೊಳೆದದ್ದನ್ನು ನೋಡಿದ್ದ. “ಏನಿದು ಚಿಕ್ಕಮ್ಮ!” ಎಂದು ಕೂಗಿ ನಾಯಕನಿಗೆ ಫೋನು ಮಾಡಿದ. ಟೈರಿನಂಗಡಿ ಎರಡು ಬೀದಿ ಆಚೆ. ನಾಯಕ ಕೈಗೆ ಮೆತ್ತಿದ ಮಸಿ ಸಹಿತ ಓಡಿಬಂದ. ಒಕ್ನಾಮ್‌ಳನ್ನು ನೋಡಿ ಒಂದು ಕ್ಷಣ ತಡವರಿಸಿದ, ಆದರೆ ತಡವರಿಸಿದ್ದು ಒಂದೇ ಕ್ಷಣ.

“ಅತ್ತಿಗೆ, ನಿಮ್ಗೆ ಇದೆಲ್ಲ ಅರ್ಥ ಆಗಲ್ಲ. ಆ ಕತ್ತಿ ದಂಡಿಂದು. ಸತ್ತೋರಿಗೆ ಕತ್ತಿ ಯಾತಕ್ಕೆ?”

“ಸತ್ತೋರಿಗೆ ಚಡ್ಡಿ ಸಾಕಾ?” ಎಂದಳು ಮಾಲ್ಸುನ್.

“ನೀವು ಬಾಯ್ಮುಚ್ಕೊಂಡು ರಾಮ್ಯನ್ ನೋಡ್ಕೊಳ್ಳಿ! ಅಡುಗೆಮನೆ ನೋಡ್ಕೊಳ್ಳಿ ಅಂದ್ರೆ ಇಡೀ ಮನೆ ನಿಮ್ದು ಅಂದ್ಕೊಂಡ್ರಾ?”

ಅವನ ಬಾಯಿಂದ ಉಗುಳಿನ ಹನಿ ಹಾರಿ ಅವಳ ಕೆನ್ನೆಗೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಹಿಂದೆ ಚಿಲ್ಬೊಕ್ ಡಬ್ಬಿಯ ಮುಚ್ಚಳ ತೆಗೆದು ಸತ್ತವನ ಹೆಸರಿನ ಕಡುಬು ಮೆಲ್ಲುತ್ತಿದ್ದ. ಗಲ್ಲಕ್ಕೆ ಹಿಟ್ಟು ಅಂಟಿತ್ತು. ಉಳಿದವರು ಕೈಯಿಂದ ಕೈಗೆ ಡಬ್ಬಿ ದಾಟಿಸುತ್ತ ಜಗಳ ನೋಡುತ್ತಿದ್ದರು. ಅವಳ ಹೊಟ್ಟೆಯೊಳಗೆ ಇಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು. ಅವಳು ವಾಂತಿ ಮಾಡಲಿಲ್ಲ. ತಿರುಗಿ ಮೌಸ್ ಹಿಡಿದಳು.

ಮೊದಲ ಸಾಲು ಪೂರ್ತಿ ಭರಣಿಯ ಚೀಲಕ್ಕೆ ತುಂಬಿ, ಚೌಕದ ನೆಲದ ಮೇಲೆ ಸುರಿದಳು. ಆಮೇಲೆ ಎರಡನೆಯದು. ಸಾಲಾಗಿ ಇಟ್ಟದ್ದು ಸಲೀಸಾಗಿ ಬಂತು. ಗುರಾಣಿ, ಬಾಣದ ಕಟ್ಟು, ಮಂತ್ರದ ಸುರುಳಿ, ವರ್ಷಗಟ್ಟಲೆ ಕೂಡಿಟ್ಟ ಕವಚ, ಎಲ್ಲ ಹಾಡಹಗಲಲ್ಲಿ ಊರ ನಡುವೆ ಬಿದ್ದವು. ಆ ಆಟದಲ್ಲಿ ನೆಲಕ್ಕೆ ಬಿದ್ದದ್ದು ಎತ್ತಿಕೊಂಡವನದು.

“ಏಯ್! ಏನ್ ಮಾಡ್ತಿದೀಯಾ! ಅದರ ಬೆಲೆ ಗೊತ್ತಾ ನಿಂಗೆ?” ನಾಯಕ ಚೀರಿದ. ಉಗ್ರಾಣಕ್ಕೆ ಬೀಗ ಹಾಕಲೆಂದು ಪಕ್ಕದ ಕಂಪ್ಯೂಟರಿಗೆ ಹಾರಿ ಪಾಸ್‌ವರ್ಡ್ ಒತ್ತಿದ. ಸಿಟ್ಟಿಗೆ ತಪ್ಪು ಅಕ್ಷರ ಒತ್ತಿದ. ಮತ್ತೆ ತಪ್ಪು. “ಹಿಡೀರೋ ಅವಳ್ನ! ನಿಲ್ಸ್ರೋ!” ಎಂದು ತನ್ನ ಕಡೆಯವರಿಗೆ ಕೂಗಿದ.

ಯಾರೂ ಅವಳನ್ನು ಹಿಡಿಯಲಿಲ್ಲ. ಯಾರೂ ಅವಳ ಕಡೆ ನೋಡಲೂ ಇಲ್ಲ. ದಂಡಿನವರೆಲ್ಲ ತಮ್ಮ ತಮ್ಮ ಕುರ್ಚಿಗೆ ಬಿದ್ದು, ತಮ್ಮ ತಮ್ಮ ವೀರರನ್ನು ಚೌಕಕ್ಕೆ ಓಡಿಸುತ್ತಿದ್ದರು. ಎತ್ತಿಕೊಂಡರು, ಕಿತ್ತುಕೊಂಡರು. “ಅದು ನಂದು!” “ಮೊದ್ಲು ಮುಟ್ಟಿದ್ದು ನಾನು!” ಮುಂದೆ ನಿಲ್ಲುವವನು ನಾನು ಎಂದಿದ್ದವನು ಹಿಂದಿನಿಂದ ಗೆಳೆಯನ ಬೆನ್ನಿಗೆ ಹೊಡೆದು ಅವನ ಚೀಲ ಬೀಳಿಸಿದ. ಪರದೆಯಲ್ಲಿ ಹೊಡೆಸಿಕೊಂಡವನು ಎದ್ದು ಬಂದು ಕುರ್ಚಿಯಲ್ಲಿದ್ದವನ ಕತ್ತಿನ ಪಟ್ಟಿ ಹಿಡಿದ. ಚಿಲ್ಬೊಕ್ ಎರಡೂ ಕೆನ್ನೆಯಲ್ಲಿ ಕಡುಬು ತುಂಬಿಕೊಂಡು, ನುಂಗಲೂ ಪುರಸೊತ್ತಿಲ್ಲದೆ, ಒಂದೇ ಸಮನೆ ಮೌಸ್ ಒತ್ತುತ್ತಿದ್ದ. ಊರಿಗೆ ಹೊಸದಾಗಿ ಬಂದ, ಕೈಯಲ್ಲಿ ಕೋಲು ಬಿಟ್ಟರೆ ಬೇರೇನಿಲ್ಲದ ಪುಟ್ಟ ವೀರರು ಎಲ್ಲೆಲ್ಲಿಂದಲೋ ಮುತ್ತಿಕೊಂಡರು. ಅವರ ಕೈಗಾದರೂ ಸೇರಲಿ ಎಂದು ಮಾಲ್ಸುನ್ ಅಂದುಕೊಂಡಿದ್ದಳು. ಒಂದು ಕವಚ ಸಿಕ್ಕ ಕೂಡಲೇ ಅವರೂ ತಮ್ಮ ಪಕ್ಕದವರನ್ನು ಹೊಡೆಯತೊಡಗಿದರು. ಚೌಕದ ತುಂಬ ಹೆಣ. ಆ ಹೆಣಗಳ ಚೀಲಕ್ಕೂ ಕೈ ಹಾಕುತ್ತಿದ್ದರು. ಸಾಂಗ್‌ಮಾನ್‌ನ ವೀರ ಮಾತ್ರ ಅಲ್ಲಿರಲಿಲ್ಲ. ಬಟ್ಟೆ ತೊಟ್ಟವನನ್ನು ಒಕ್ನಾಮ್ ಆಗಲೇ ಆಟದಿಂದ ಹೊರಗೆ ಕರೆದುಕೊಂಡಿದ್ದಳು.

ಅವಳು ಬೆರಗಾಗಿ ನೋಡುತ್ತಿದ್ದಳು. “ಅಕ್ಕಾ, ಇವ್ರೇನಾ ಹೂವಿನ ಚಕ್ರ ಕಳ್ಸಿದ್ದು?”

“ಇವ್ರೇ ಕಣಮ್ಮ.”

ಒಕ್ನಾಮ್ ಎದ್ದು, ಕುರ್ಚಿಗಳ ನಡುವೆ ನುಸುಳಿ ಹೋಗಿ, ಖಾಲಿಯಾದ ಡಬ್ಬಿಯನ್ನೂ ನೆಲಕ್ಕೆ ಬಿದ್ದಿದ್ದ ಬಟ್ಟೆಯನ್ನೂ ತೆಗೆದುಕೊಂಡಳು. ಬಟ್ಟೆಯ ಮೇಲೆ ಯಾರದೋ ಬೂಟಿನ ಗುರುತಿತ್ತು. ಅದನ್ನು ಕೊಡವಿ ಮೆಟ್ಟಿಲು ಹತ್ತಿ ಹೋದಳು.

ದುಶಿಕ್ ಬರುವಷ್ಟರಲ್ಲಿ ಎರಡು ಕುರ್ಚಿ ಮುರಿದಿದ್ದವು, ಒಬ್ಬನ ತುಟಿ ಒಡೆದಿತ್ತು. ಅವನು ಎಲ್ಲ ಕೇಳಿ ತಲೆ ಕೆರೆದುಕೊಂಡ. “ಅತ್ತಿಗೆ, ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಇವ್ರೆಲ್ಲ ನನ್ನ ಗಿರಾಕಿಗಳು. ನಾಳೆಯಿಂದ ಬರ್ಬೇಡಿ.” ಮಾಲ್ಸುನ್ ಏಪ್ರನ್ ಬಿಚ್ಚಿ ಕೊಟ್ಟಳು. ಹೋಗುವ ಮೊದಲು ಒಂದು ಸಲ ಮೇಜುಗಳನ್ನೆಲ್ಲ ಒರೆಸಿದಳು. ಯಾಕೆ ಒರೆಸಿದೆ ಎಂದು ಅವಳಿಗೇ ತಿಳಿಯಲಿಲ್ಲ.

ನಾಯಕ ಪೊಲೀಸ್ ಚೌಕಿಗೂ ಹೋದ. ಆಗ ಆಟದ ಕಳ್ಳತನದ ದೂರು ಹೊತ್ತು ಬರುವವರು ಬಹಳ ಮಂದಿ. ಪೊಲೀಸಿನವನಿಗೆ ಪ್ರಶ್ನೆಗಳು ಬಾಯಿಪಾಠವಾಗಿದ್ದವು. ಮಾಲ್ಸುನ್‌ಳನ್ನೂ ಕರೆಸಿದ್ದರು.

“ಕತ್ತಿ ಯಾರ ಹತ್ರ ಇತ್ತು?” ಎಂದು ನಾಯಕನನ್ನು ಕೇಳಿದ ಅವನು.

“ನಮ್ಮ ಉಗ್ರಾಣದಲ್ಲಿ.”

“ಅದಕ್ಕೆ ಮುಂಚೆ?”

“ನಮ್ಮೋರ ಒಬ್ರ ಹತ್ರ. ಅವ್ರು ತೀರ್ಕೊಂಡ್ರು.”

“ತೀರ್ಕೊಂಡೋರು ತಾವೇ ಎದ್ದು ಬಂದು ಉಗ್ರಾಣಕ್ಕಿಟ್ರಾ?”

ನಾಯಕ ಮಸಿಯ ಬೆರಳುಗಳನ್ನು ನೋಡಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅಂಗಡಿ ಬಿಟ್ಟು ಬಂದಿದ್ದೇನೆ ಎಂದು ಎದ್ದು ಹೋದ. ದೂರು ಅಲ್ಲಿಗೇ ನಿಂತಿತು. ದಂಡೂ ಉಳಿಯಲಿಲ್ಲ. ಅಂದು ಯಾರು ಏನು ಎತ್ತಿಕೊಂಡರೆಂಬ ಜಗಳದಲ್ಲೇ ಮೂರು ಚೂರಾಗಿ, ಚೂರುಗಳು ಒಂದರೊಡನೊಂದು ಹೊಡೆದಾಡಿ ಮುಗಿದವು.

ಮಾಲ್ಸುನ್ ಆಮೇಲೆ ಸೊರೆ ಬಂದರಿನಲ್ಲಿ ಉಪ್ಪು ಹಾಕಿದ ಸೀಗಡಿ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಪೀಪಾಯಿಗಟ್ಟಲೆ ಮೀನು ಹುಳಿಯುವ ಜಾಗ. ಅವಳ ಮೂಗಿಗೆ ಅದು ಒಂದು ವಾರವೂ ತಡೆಯಲಾರದು ಎಂದು ತಂಗಿ ಪಂತ ಕಟ್ಟಿದಳು. ತಂಗಿ ಸೋತಳು. ಇಲ್ಲಿ ಹುಳಿತದ್ದನ್ನು ಹುಳಿತದ್ದು ಎಂದು ಹೇಳಿಯೇ ಮಾರುತ್ತಾರೆ, ಅದರಲ್ಲಿ ಹೇಸುವುದೇನಿದೆ ಎಂದಳು ಮಾಲ್ಸುನ್. ಒಕ್ನಾಮ್ ಒಮ್ಮೊಮ್ಮೆ ಶಾಲೆಯ ಅಡುಗೆಗೆ ಸೀಗಡಿ ಒಯ್ಯಲು ಬರುತ್ತಿದ್ದಳು. ಗಂಡನ ಮಾತು ಬರುತ್ತಿತ್ತು, ಆಟದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಮರುವರ್ಷ, ಊರೆಲ್ಲ ಚಳಿಗಾಲಕ್ಕೆಂದು ಕೋಸಿಗೆ ಸೀಗಡಿ ಬೆರೆಸಿ ಕಿಮ್ಚಿ ಹಾಕುವ ದಿನಗಳಲ್ಲಿ, ಅಂಗಡಿ ಮುಂದೆ ನೂಕುನುಗ್ಗಲು. ತಲೆಯೆತ್ತಿ ನೋಡಿದರೆ ತಾಕ್ ಯೊಂಗ್‌ಬೆ, ಹೆಂಡತಿಯ ಚೀಲ ಹಿಡಿದು ನಿಂತಿದ್ದ. ಹಲ್ಲು ಕಿರಿದ.

“ಓಹೋ, ಚಿಕ್ಕಮ್ಮ! ಇಲ್ಲಿದೀರಾ? ಹಳೇದೆಲ್ಲ ಬಿಟ್ಬಿಡಿ, ಆಟ ಅಂದ್ಮೇಲೆ ಇದ್ದಿದ್ದೇ. ಹೊಸ ದಂಡು ಕಟ್ಟಿದೀವಿ. ಉಗ್ರಾಣ ನೋಡಿದ್ರೆ ನೀವು ಅತ್ತುಬಿಡ್ತೀರಾ, ಜೇಡದ ಕಾಲು ಇಲ್ಲೀವರ್ಗೂ!” ಎಂದು ಕುತ್ತಿಗೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದ. “ಬಂದ್ಬಿಡಿ ಚಿಕ್ಕಮ್ಮ. ನಿಮ್ಮಂಗೆ ಜೋಡ್ಸೋರು ಯಾರೂ ಸಿಗ್ತಿಲ್ಲ.”

ಅವನಿಗೆ ನಿಜವಾಗಿಯೂ ಏನೂ ಅನಿಸಿಲ್ಲ ಎಂಬುದು ಮಾಲ್ಸುನ್‌ಗೆ ಆಗ ತಿಳಿಯಿತು. ಅವನು ಕೇಳಿದಷ್ಟು ಸೀಗಡಿಯನ್ನು ತಕ್ಕಡಿಗೆ ಹಾಕಿದಳು. ಮುಳ್ಳು ಸರಿಯಾಗಿ ನಿಂತಿತು.

“ಕೊಸರು ಹಾಕಿ ಚಿಕ್ಕಮ್ಮ, ಹಳೇ ಪರಿಚಯ” ಎಂದ ಅವನು, ಚೀಲದ ಬಾಯಿ ಅಗಲಿಸಿ ಹಿಡಿದು.

ಅವಳು ಸೌಟನ್ನು ಪೀಪಾಯಿಯೊಳಗೆ ಇಟ್ಟು, “ಮುಂದಿನೋರು ಬನ್ನಿ” ಎಂದಳು.